ಮಿಡಿಯುವುದಷ್ಟೇ ಲೆಕ್ಕ

2021ರ ಮೇ ತಿಂಗಳ ಒಂದು ಬೆಳಿಗ್ಗೆ. ಕಿಕ್ಕೇರಿಯ ನಮ್ಮ ಬೀದಿಯಲ್ಲಿ ನಾಯಿಗಳನ್ನು ಬಿಟ್ಟರೆ ಯಾರೂ ಓಡಾಡುತ್ತಿರಲಿಲ್ಲ. ದೊಡ್ಡಪ್ಪ ಜಗಲಿಯ ಕಂಬಕ್ಕೆ ಒರಗಿ ಕೂತು, ಲೋಟದ ಕಾಫಿ ಆರಿಸಿಕೊಂಡು ಕುಡಿಯುತ್ತಿದ್ದರು. ನಾಲ್ಕು ದಿನದಿಂದ ಜ್ವರ ಬಂದು ಬಿಡುತ್ತಿತ್ತು, ಅಷ್ಟೇ. ಆಶಾ ಕಾರ್ಯಕರ್ತೆ ಅಂಗಳದಲ್ಲಿ ನಿಂತು, ಮಾಸ್ಕು ಸರಿಮಾಡಿಕೊಂಡು, "ದೊಡ್ಡಪ್ಪ, ಬೆರಳು ಕೊಡಿ ಒಸಿ" ಅಂದರು.

"ನಂಗೇನಾಗೈತವ್ವ? ಚೆನ್ನಾಗೇ ಇವ್ನಿ. ಕಾಫಿ ಕುಡೀತಾ ಕೂತಿಲ್ವಾ?"

ಬಟ್ಟೆ ಒಣಹಾಕುವ ಕ್ಲಿಪ್ಪಿನಂಥ ಆ ಪುಟ್ಟ ಸಾಧನ ದೊಡ್ಡಪ್ಪನ ತೋರುಬೆರಳನ್ನು ಕಚ್ಚಿಕೊಂಡಿತು. ಒಳಗೆ ಕೆಂಪು ಬೆಳಕು ಹೊತ್ತಿತು. ಒಂದೆರಡು ಕ್ಷಣ ಗೆರೆಗಳು ಓಡಾಡಿ, ಅಂಕಿ ನಿಂತಿತು: 81. ಆಕೆ ನಂಬಲಿಲ್ಲ. ಬೆರಳು ಒರೆಸಿ, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಲು ಹೇಳಿ, ಇನ್ನೊಂದು ಕೈಯ ನಡುಬೆರಳಿಗೆ ಹಾಕಿ ನೋಡಿದರು. 80. ಅರ್ಧ ಗಂಟೆಯಲ್ಲಿ 108 ಆಂಬುಲೆನ್ಸ್ ಬಂತು. ಅದಕ್ಕೆ ಹತ್ತುವಾಗಲೂ ದೊಡ್ಡಪ್ಪ, ಕಬ್ಬಿಗೆ ನೀರು ಕಟ್ಟುವ ಸರದಿ ಇವತ್ತು ಯಾರದು ಎಂದು ಹೇಳುತ್ತಲೇ ಇದ್ದರು. ಹದಿನೇಳು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು.

ನಮ್ಮ ತಾಲ್ಲೂಕಿಗೆ ಆ ಸಾಧನದ, ಅಂದರೆ ಪಲ್ಸ್ ಆಕ್ಸಿಮೀಟರಿನ, ಪರಿಚಯವಾದದ್ದು ಅದಕ್ಕೂ ಒಂದು ವರ್ಷ ಹಿಂದೆ. ಮುಂಬೈಯಲ್ಲಿ ದುಡಿಯುತ್ತಿದ್ದ ನಮ್ಮವರು 2020ರ ಮೇನಲ್ಲಿ ಊರಿಗೆ ಮರಳಿದಾಗ ನಮ್ಮ ಕೆ.ಆರ್. ಪೇಟೆಯ ಹೆಸರು ದಿನವೂ ಟಿವಿಯ ಕೊರೊನಾ ಸುದ್ದಿಯಲ್ಲಿ ಬರುತ್ತಿತ್ತು. ಆಮೇಲೆ ಮನೆಮನೆಯಲ್ಲೂ ಜನ ಬೆರಳು ಕೊಟ್ಟು ಅಂಕಿ ಓದಲು ಕಲಿತರು. 98 ಎಂದರೆ ಸಮಾಧಾನ, 94ಕ್ಕಿಂತ ಕೆಳಗಿಳಿದರೆ ಆಸ್ಪತ್ರೆ. ಅಷ್ಟು ಎಲ್ಲರಿಗೂ ಗೊತ್ತು. ಆದರೆ ಒಂದು ಹನಿ ರಕ್ತವನ್ನೂ ತೆಗೆಯದೆ, ಚರ್ಮ, ಉಗುರು, ಮೂಳೆ, ಮಾಂಸ ಎಲ್ಲ ಅಡ್ಡ ಇರುವಾಗ, ಈ ಕ್ಲಿಪ್ಪಿಗೆ ರಕ್ತದೊಳಗಿನ ಆಮ್ಲಜನಕ ಹೇಗೆ ತಿಳಿಯಿತು? ದೊಡ್ಡಪ್ಪನಿಗೇ ಗೊತ್ತಾಗದ ಅವರ ಸಂಕಟ ಅದಕ್ಕೆ ಹೇಗೆ ಗೊತ್ತಾಯಿತು?

ಕಣ್ಣು ಸೋಲುವ ಕಡೆ

ಈ ಕ್ಲಿಪ್ಪು ಬರುವ ಮುಂಚೆ ವೈದ್ಯರು ತುಟಿ ನೋಡುತ್ತಿದ್ದರು, ಉಗುರು ನೋಡುತ್ತಿದ್ದರು. ಆಮ್ಲಜನಕ ಕಡಿಮೆಯಾದ ರಕ್ತ ಕಪ್ಪಿಡುತ್ತದೆ, ತುಟಿ ನೀಲಿಗಟ್ಟುತ್ತದೆ. ಇದು ಹಳೆಯ ಅನುಭವ, ಸುಳ್ಳಲ್ಲ. ಆದರೆ ಎಷ್ಟು ಕಡಿಮೆಯಾದ ಮೇಲೆ ಕಣ್ಣಿಗೆ ಕಾಣುತ್ತದೆ? ಅಮೆರಿಕದ ಜೂಲಿಯಸ್ ಕಾಮ್ರೋ ಮತ್ತು ಸ್ಟೆಲ್ಲಾ ಬೊಟೆಲ್ಹೊ ಇದನ್ನು ಪರೀಕ್ಷೆಗೆ ಒಡ್ಡಿ 1947ರಲ್ಲಿ ಪ್ರಕಟಿಸಿದರು. ಆರೋಗ್ಯವಂತರಿಗೆ ಆಮ್ಲಜನಕ ಕಡಿಮೆಯಿರುವ ಗಾಳಿ ಉಸಿರಾಡಿಸಿ, ನೋಡುವವರನ್ನು ಎದುರಿಗೆ ಕೂರಿಸಿ, ನೀಲಿ ಕಂಡಾಗ ಹೇಳಿ ಎಂದರು. ಹೆಚ್ಚಿನವರಿಗೆ ಅದು ಖಚಿತವಾಗಿ ಕಂಡದ್ದು ರಕ್ತದ ತುಂಬುಮಟ್ಟ 80ರ ಆಸುಪಾಸಿಗೆ ಇಳಿದ ಮೇಲೆ. ನೋಡುತ್ತಿದ್ದವರಲ್ಲಿ ವೈದ್ಯಕೀಯ ಓದಿದವರೂ ಇದ್ದರು.

ನಮ್ಮ ಕಡೆ ಕಷ್ಟ ಇನ್ನೂ ಜಾಸ್ತಿ. ಚರ್ಮದ ಬಣ್ಣ ಕಪ್ಪಾದಷ್ಟೂ ನೀಲಿ ಅಡಗುತ್ತದೆ. ಮೇಲಾಗಿ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತ ಸಾಲದು. ನೀಲಿ ಕಾಣಬೇಕಾದರೆ ಕಪ್ಪಿಟ್ಟ ರಕ್ತ ಒಂದು ಪ್ರಮಾಣಕ್ಕಾದರೂ ಇರಬೇಕು. ರಕ್ತವೇ ತೆಳ್ಳಗಿರುವ ಹೆಣ್ಣುಮಗಳು ಉಸಿರಿಲ್ಲದೆ ಒದ್ದಾಡುತ್ತಿದ್ದರೂ ನೀಲಿಯಾಗದೆ ಬರೀ ಬಿಳಿಚಿಕೊಂಡಿರಬಹುದು. ಕಣ್ಣನ್ನೇ ನಂಬಿ ಕೂತರೆ ತಡವಾಗುತ್ತದೆ, ಅದೂ ಆಸ್ಪತ್ರೆ ದೂರ ಇರುವವರಿಗೇ.

ಕಣ್ಣು ಬೇಡವೆಂದರೆ ಇನ್ನೊಂದು ದಾರಿ ಸೂಜಿ. ಮಣಿಕಟ್ಟಿನಲ್ಲಿ ನಾಡಿ ಹಿಡಿಯುವ ಜಾಗಕ್ಕೇ ಚುಚ್ಚಿ ರಕ್ತ ತೆಗೆದು, ಆಮ್ಲಜನಕದ ಒತ್ತಡವನ್ನೂ ಇಂಗಾಲದ ಡೈಆಕ್ಸೈಡನ್ನೂ ಯಂತ್ರದಲ್ಲಿ ಅಳೆಯುವುದು. ಉತ್ತರ ಖಚಿತ. ಆದರೆ ನರಳಿಸುವ ಚುಚ್ಚು ಅದು. ರಕ್ತ ತೆಗೆದ ಕೂಡಲೇ ಪರೀಕ್ಷೆಯಾಗಬೇಕು, ಯಂತ್ರಕ್ಕೂ ಬೆಲೆ ಜಾಸ್ತಿ. ಹಳ್ಳಿಯ ಜಗಲಿಯ ಮೇಲೆ ಆಗುವ ಕೆಲಸವಲ್ಲ.

ಟಾರ್ಚಿನ ಮೇಲೆ ಅಂಗೈ

ಕರೆಂಟು ಹೋದ ರಾತ್ರಿ ಟಾರ್ಚಿನ ಬಾಯಿಗೆ ಅಂಗೈ ಮುಚ್ಚಿ ಆಡದ ಮಕ್ಕಳಿಲ್ಲ. ಬೆರಳ ಸಂದುಗಳು ಕೆಂಡದ ಹಾಗೆ ಹೊಳೆಯುತ್ತವೆ. ಟಾರ್ಚಿನ ಬೆಳಕು ಬಿಳಿ. ಆಚೆ ಬರುವುದು ಕೆಂಪು ಮಾತ್ರ. ಉಳಿದ ಬಣ್ಣಗಳನ್ನೆಲ್ಲ ಕೈಯೊಳಗಿನ ರಕ್ತ ನುಂಗಿಕೊಂಡು, ಕೆಂಪನ್ನಷ್ಟೇ ದಾಟಲು ಬಿಡುತ್ತದೆ. ಬೆಳಕು ಬೆರಳನ್ನು ದಾಟಬಲ್ಲದು, ದಾಟುವಾಗ ರಕ್ತದ ಬಣ್ಣದ ಗುರುತು ಹೊತ್ತು ಬರಬಲ್ಲದು ಎನ್ನುವುದಕ್ಕೆ ಇಷ್ಟು ಸಾಕ್ಷಿ ಸಾಕು.

ರಕ್ತಕ್ಕೆ ಬಣ್ಣ ಕೊಡುವುದು ಹೀಮೊಗ್ಲೋಬಿನ್. ಇಲ್ಲಿ ಅದನ್ನು ಹೊರೆಯಾಳು ಎಂದು ಕರೆಯೋಣ. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹೊತ್ತು, ಮೈಯೆಲ್ಲ ತಿರುಗಿ ಇಳಿಸಿ ಬರುವುದೇ ಅದರ ಕೆಲಸ. ಹೊರೆ ಹೊತ್ತಿರುವಾಗ ಅದು ಹಸಿ ಕುಂಕುಮದ ಕೆಂಪು, ಇಳಿಸಿದ ಮೇಲೆ ನೇರಳೆಯತ್ತ ವಾಲಿದ ಕಪ್ಪುಗೆಂಪು. ಆಮ್ಲಜನಕ ಸೇರಿದಾಗ, ಬಿಟ್ಟಾಗ ಈ ಬಣ್ಣ ಬದಲಾಗುವುದನ್ನು ಜಾರ್ಜ್ ಸ್ಟೋಕ್ಸ್ 1864ರಲ್ಲೇ ತೋರಿಸಿದ್ದರು. ನೂರು ಹೊರೆಯಾಳುಗಳಿಗೆ ಸಿಗಬೇಕಾದ ಹೊರೆಯಲ್ಲಿ ಎಷ್ಟು ಪಾಲು ಸಿಕ್ಕಿದೆ ಎನ್ನುವುದೇ ತುಂಬುಮಟ್ಟ, ಆಸ್ಪತ್ರೆಯವರ ಬಾಯಲ್ಲಿ ಸ್ಯಾಚುರೇಶನ್. ಕ್ಲಿಪ್ಪಿನ ಮೇಲೆ ಮೂಡುವ ಅಂಕಿ ಅದು.

ಕ್ಲಿಪ್ಪಿನ ಒಂದು ದವಡೆಯಲ್ಲಿ ಎರಡು ಪುಟ್ಟ ದೀಪಗಳಿವೆ, ಇನ್ನೊಂದು ದವಡೆಯಲ್ಲಿ ಬೆಳಕು ಹಿಡಿಯುವ ಕಣ್ಣು. ಒಂದು ದೀಪ ನಮಗೆ ಕಾಣುವ ಕೆಂಪು. ಇನ್ನೊಂದು ನಮ್ಮ ಕಣ್ಣಿಗೆ ಕಾಣದ, ಕೆಂಪಿನಾಚೆಯ ಬೆಳಕು, ಅಂದರೆ ಇನ್‌ಫ್ರಾರೆಡ್. ಟಿವಿ ರಿಮೋಟಿನ ಮೂತಿಯಿಂದ ಹೊರಡುವುದೂ ಇದೇ ಜಾತಿಯ ಬೆಳಕು. ಕತ್ತಲಲ್ಲಿ ರಿಮೋಟನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾಗೆ ಹಿಡಿದು ಗುಂಡಿ ಒತ್ತಿದರೆ ಎಷ್ಟೋ ಫೋನುಗಳಲ್ಲಿ ಅದು ಮಿಣುಕುವುದು ಕಾಣುತ್ತದೆ.

ಎರಡು ದೀಪ ಯಾಕೆಂದರೆ, ಕೆಂಪು ಬೆಳಕನ್ನು ಹೊರೆಯಿಲ್ಲದ ರಕ್ತ ಹೊರೆ ತುಂಬಿದ ರಕ್ತಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು ನುಂಗುತ್ತದೆ. ಕೆಂಪಿನಾಚೆಯ ಬೆಳಕಿನಲ್ಲಿ ಲೆಕ್ಕ ತಿರುಗುಮುರುಗು, ಹೊರೆ ತುಂಬಿದ ರಕ್ತವೇ ಅದನ್ನು ಹೆಚ್ಚು ನುಂಗುತ್ತದೆ. ಕೆಂಪು ಎಷ್ಟು ಕಳೆದುಹೋಯಿತು, ಕೆಂಪಿನಾಚೆಯದು ಎಷ್ಟು ಕಳೆದುಹೋಯಿತು ಎಂದು ಪಕ್ಕಪಕ್ಕ ಇಟ್ಟು ನೋಡಿದರೆ ರಕ್ತದ ಬಣ್ಣ ಗೊತ್ತಾಗಬೇಕು.

ಗೊತ್ತಾಗಬೇಕಿತ್ತು. ಆದರೆ ಬೆರಳಲ್ಲಿರುವುದು ರಕ್ತವೊಂದೇ ಅಲ್ಲವಲ್ಲ! ಗದ್ದೆ ಕೆಲಸದವರ ಒರಟು ಚರ್ಮವಿದೆ, ಮೂಳೆಯಿದೆ, ಕೊಬ್ಬಿದೆ. ಎಲ್ಲವೂ ಬೆಳಕು ನುಂಗುತ್ತವೆ, ಒಬ್ಬೊಬ್ಬರಲ್ಲಿ ಒಂದೊಂದು ಪ್ರಮಾಣದಲ್ಲಿ. ರಕ್ತದಲ್ಲೂ ಎರಡು ಬಗೆ: ಶ್ವಾಸಕೋಶದಿಂದ ತುಂಬಿಕೊಂಡು ಬರುವ ರಕ್ತ, ಖಾಲಿಯಾಗಿ ಹೃದಯಕ್ಕೆ ವಾಪಸಾಗುವ ರಕ್ತ. ನಮಗೆ ಬೇಕಾದದ್ದು ಮೊದಲನೆಯದರ ಬಣ್ಣ. ಅಲ್ಲಿ ಹೊರೆ ಕಡಿಮೆಯಿದ್ದರೆ ತಾನೇ ಶ್ವಾಸಕೋಶ ಸೋತಿದೆ ಎಂದು ಹೇಳಲು ಬರುವುದು.

ವಿಜ್ಞಾನಿಗಳು ಈ ಗೋಡೆಗೆ ತಲೆ ಚಚ್ಚಿಕೊಂಡದ್ದು ನಾಲ್ಕು ದಶಕ. ಜರ್ಮನಿಯ ಕಾರ್ಲ್ ಮ್ಯಾಥೆಸ್ 1930ರ ದಶಕದಲ್ಲಿ ಕಿವಿಗೆ ಸಿಕ್ಕಿಸುವ ಸಾಧನ ಮಾಡಿದರು. ಎರಡನೇ ಮಹಾಯುದ್ಧದ ಹೊತ್ತಿಗೆ, ಎತ್ತರದಲ್ಲಿ ಪ್ರಜ್ಞೆ ತಪ್ಪುವ ವಿಮಾನ ಚಾಲಕರಿಗಾಗಿ ಗ್ಲೆನ್ ಮಿಲಿಕನ್ ಇನ್ನೊಂದನ್ನು ಮಾಡಿ, ಅದಕ್ಕೆ ಆಕ್ಸಿಮೀಟರ್ ಎಂದು ಹೆಸರಿಟ್ಟರು. ಆಮೇಲೆ ಬಂದವರು ಕಿವಿಯ ಹಾಲೆಯನ್ನು ಬಿಸಿ ಮಾಡಿದರು, ರಕ್ತವೆಲ್ಲ ಹೋಗುವ ಹಾಗೆ ಹಿಸುಕಿ ಒಮ್ಮೆ ಅಳೆದು, ಬಿಟ್ಟು ಮತ್ತೊಮ್ಮೆ ಅಳೆದರು. ಯೋಚನೆ ಸರಿಯಾಗಿತ್ತು. ಕೈಗೂಡುವುದು ಮಾತ್ರ ಕಷ್ಟವಾಗಿತ್ತು.

ತುಂಬಿದ ತೂಕ, ಖಾಲಿ ತೂಕ

ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆದವರಿಗೆ ಆ ಯೋಚನೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಟ್ರಾಕ್ಟರು ಕಬ್ಬಿನ ಸಮೇತ ತೂಕದ ಸೇತುವೆಯ ಮೇಲೆ ನಿಲ್ಲುತ್ತದೆ. ಕಬ್ಬು ಇಳಿಸಿ, ಖಾಲಿ ಗಾಡಿ ಮತ್ತೆ ಅದೇ ಸೇತುವೆಯ ಮೇಲೆ ಬರುತ್ತದೆ. ಮೊದಲಿನದರಲ್ಲಿ ಎರಡನೆಯದನ್ನು ಕಳೆದರೆ ಕಬ್ಬಿನ ತೂಕ. ಟ್ರಾಕ್ಟರು ಹಳೆಯದೋ ಹೊಸದೋ, ಟ್ರಾಲಿಗೆ ಎಷ್ಟು ಕಬ್ಬಿಣ ಬೆಸೆದಿದ್ದಾರೆ, ಚಕ್ರಕ್ಕೆ ಎಷ್ಟು ಮಣ್ಣು ಮೆತ್ತಿದೆ, ಒಂದೂ ಮುಖ್ಯವಲ್ಲ. ಎರಡು ಸಲದ ತೂಕದಲ್ಲೂ ಇದ್ದದ್ದು ಕಳೆಯುವಾಗ ತಾನೇ ಉದುರಿಹೋಗುತ್ತದೆ.

ಬೆರಳನ್ನು ಹಾಗೆ ತುಂಬಿ ಖಾಲಿ ಮಾಡುವವರು ಯಾರು? ಹೃದಯ. ಪ್ರತಿ ಬಡಿತಕ್ಕೂ ಹೊಸ ರಕ್ತದ ಒಂದು ಅಲೆ ಬೆರಳಿಗೆ ನುಗ್ಗುತ್ತದೆ. ಆ ಕ್ಷಣ ಬೆರಳು ಕೂದಲೆಳೆಯಷ್ಟು ಉಬ್ಬಿ, ಬೆಳಕನ್ನು ಒಂದಿಷ್ಟು ಹೆಚ್ಚು ನುಂಗುತ್ತದೆ. ಬಡಿತದ ನಡುವಿನ ಬಿಡುವಿನಲ್ಲಿ ಅಲೆ ಇಳಿಯುತ್ತದೆ, ಬೆಳಕು ಮತ್ತೆ ಹೆಚ್ಚು ದಾಟುತ್ತದೆ. ಅಲೆ ಬಂದಾಗ ತುಂಬಿದ ತೂಕ, ಇಳಿದಾಗ ಖಾಲಿ ತೂಕ. ಚರ್ಮ ಮಿಡಿಯುವುದಿಲ್ಲ, ಮೂಳೆ ಮಿಡಿಯುವುದಿಲ್ಲ, ವಾಪಸಾಗುವ ರಕ್ತ ನಿಧಾನವಾಗಿ ಹರಿದುಹೋಗುತ್ತದೆ. ಹೃದಯದ ತಾಳಕ್ಕೆ ಮಿಡಿಯುವುದು ಶ್ವಾಸಕೋಶದಿಂದ ಆಗಷ್ಟೇ ತುಂಬಿಕೊಂಡು ಬಂದ ರಕ್ತ ಮಾತ್ರ. ಹಾಗಾಗಿ ಮಿಡಿಯುವ ಪಾಲನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಉಳಿದ ಬೆರಳೆಲ್ಲ ತಾನಾಗಿ ಕಳೆದುಹೋಗುತ್ತದೆ.

ಈ ಪಾಲು ಎಷ್ಟು ಚಿಕ್ಕದು ಗೊತ್ತೇ? ಬೆರಳು ದಾಟಿ ಬರುವ ಬೆಳಕಿನಲ್ಲಿ ಮಿಡಿಯುವುದು ನೂರರಲ್ಲಿ ಒಂದೋ ಎರಡೋ ಪಾಲು. ಅಷ್ಟರಲ್ಲೇ ಜೀವ ಇದೆ. ಎರಡು ದೀಪಗಳು ಸೆಕೆಂಡಿಗೆ ನೂರಾರು ಸಲ ಒಂದಾದ ಮೇಲೊಂದು ಹೊತ್ತಿ ಆರುತ್ತವೆ, ನಡುವೆ ಎರಡೂ ಆರಿರುವ ಒಂದು ಕ್ಷಣವೂ ಇರುತ್ತದೆ. ಆ ಕತ್ತಲಲ್ಲಿ ಹೊರಗಿನಿಂದ ನುಸುಳಿದ ಬೆಳಕನ್ನು ಅಳೆದು ಕ್ಲಿಪ್ಪು ಅದನ್ನೂ ಕಳೆದುಬಿಡುತ್ತದೆ. ಆದರೂ ಬಿಸಿಲು ನೇರ ಬೀಳುವ ಕಡೆ ಕೂತು ಅಳೆಯಬಾರದು, ನೆರಳಿಗೆ ಬರಬೇಕು.

ಇನ್ನುಳಿದದ್ದು ಒಂದೇ ತೊಡಕು. ಅಲೆ ಒಬ್ಬರಲ್ಲಿ ದೊಡ್ಡದು, ಇನ್ನೊಬ್ಬರಲ್ಲಿ ಚಿಕ್ಕದು. ಆಲೆಮನೆಯಲ್ಲಿ ಕೊಪ್ಪರಿಗೆ ತುಂಬ ಕಬ್ಬಿನ ಹಾಲು ಇರಲಿ, ಅರ್ಧ ಕೊಪ್ಪರಿಗೆ ಇರಲಿ, ನಾಲಿಗೆಗೆ ಹಚ್ಚಿದರೆ ಸಿಹಿ ಒಂದೇ. ಸಿಹಿಗೂ ಅಳತೆಗೂ ಸಂಬಂಧವಿಲ್ಲ. ಇಲ್ಲಿಯೂ ಹಾಗೆಯೇ. ಅಲೆ ದೊಡ್ಡದಾದರೆ ಕೆಂಪಿನ ಮಿಡಿತವೂ ಹೆಚ್ಚು, ಕೆಂಪಿನಾಚೆಯ ಮಿಡಿತವೂ ಅಷ್ಟೇ ಹೆಚ್ಚು. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಅಲೆಯ ಗಾತ್ರ ಹೋಗಿ, ರಕ್ತದ ಬಣ್ಣ ಉಳಿಯುತ್ತದೆ. ಕೆಂಪು ಜಾಸ್ತಿ ಮಿಡಿದರೆ ಹೊರೆ ಕಡಿಮೆ. ಕೆಂಪಿನಾಚೆಯದು ಜಾಸ್ತಿ ಮಿಡಿದರೆ ಹೊರೆ ತುಂಬಿದೆ.

ಆ ಭಾಗಲಬ್ಧ ಇಷ್ಟಿದ್ದರೆ ತುಂಬುಮಟ್ಟ ಇಷ್ಟು ಎನ್ನುವ ಪಟ್ಟಿ ಕ್ಲಿಪ್ಪಿನೊಳಗೆ ಮೊದಲೇ ಕೂತಿರುತ್ತದೆ. ಅದನ್ನು ಮನುಷ್ಯರಿಂದಲೇ ಮಾಡಿಸಿದ್ದು. ಆರೋಗ್ಯವಂತ ಸ್ವಯಂಸೇವಕರಿಗೆ ಆಮ್ಲಜನಕ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ, ಬೆರಳಿಗೆ ಕ್ಲಿಪ್ಪು ಹಾಕಿ, ಅದೇ ಹೊತ್ತಿಗೆ ಮಣಿಕಟ್ಟಿನಿಂದ ರಕ್ತ ತೆಗೆದು ತಾಳೆ ನೋಡುತ್ತಾರೆ. 70ಕ್ಕಿಂತ ಕೆಳಗೆ ಯಾರನ್ನೂ ಇಳಿಸುವಂತಿಲ್ಲ. ಆದ್ದರಿಂದ ಕ್ಲಿಪ್ಪು 62 ಎಂದು ತೋರಿಸಿದರೆ ಅದು ಅಂದಾಜು. ಅಲ್ಲಿ ಅಂಕಿಯ ಬಗ್ಗೆ ವಾದಿಸುತ್ತಾ ನಿಲ್ಲಬಾರದು.

2021ರಲ್ಲಿ ಪೆನ್ಸಿಲಿಗೆ ಹಾಕಿದರೂ ಅಂಕಿ ಬರುತ್ತದೆ ಎನ್ನುವ ವಿಡಿಯೊಗಳು ಮೊಬೈಲಿನಲ್ಲಿ ಹರಿದಾಡಿದ್ದವು. ಕಳಪೆ ಸಾಧನಗಳು ಇದ್ದದ್ದು ನಿಜ. ಆದರೆ ಒಳ್ಳೆಯ ಸಾಧನವೂ ಹುಡುಕುವುದು ಮಿಡಿತವನ್ನು. ಪೆನ್ಸಿಲು ಹಿಡಿದ ಕೈ ನಡುಗಿದರೆ ಬೆಳಕು ಮಿಡಿದಂತೆಯೇ ಆಗುತ್ತದೆ. ಎರಡೂ ಬೆಳಕು ಒಂದೇ ಸಮ ನಡುಗಿದರೆ ಭಾಗಲಬ್ಧ ಒಂದಾಗುತ್ತದೆ, ಪಟ್ಟಿಯಲ್ಲಿ ಒಂದಕ್ಕೆ ಎದುರಿಗಿರುವುದು 85ರ ಆಸುಪಾಸು. ಚಳಿಗೆ ನಡುಗುವ ರೋಗಿಯ ಬೆರಳು 85 ತೋರಿಸಿದರೆ, ಕೈಯನ್ನು ಬೆಚ್ಚಗೆ ಮಾಡಿ, ಮಂಡಿಯ ಮೇಲೆ ಊರಿಸಿ, ಇನ್ನೊಮ್ಮೆ ನೋಡಬೇಕಾದದ್ದು ಇದಕ್ಕೇ.

ಕಿರಿಕಿರಿಯೇ ಉತ್ತರವಾದದ್ದು

ಮಿಡಿತವನ್ನು ಹಿಡಿದವರು ಜಪಾನಿನ ಎಂಜಿನಿಯರ್ ತಕುವೊ ಅವೊಯಾಗಿ. ನಿಹಾನ್ ಕೋಡೆನ್ ಎಂಬ ಕಂಪನಿಯಲ್ಲಿದ್ದರು. ಅವರು ಹುಡುಕಲು ಹೊರಟದ್ದು ಇದನ್ನಲ್ಲ. ಹೃದಯ ನಿಮಿಷಕ್ಕೆ ಎಷ್ಟು ರಕ್ತ ತಳ್ಳುತ್ತದೆ ಎಂದು ತಿಳಿಯಲು, ರಕ್ತಕ್ಕೆ ಒಂದು ಹಸಿರು ಬಣ್ಣ ಬಿಟ್ಟು, ಅದು ಕಿವಿಯನ್ನು ಹಾದುಹೋಗುವುದನ್ನು ಬೆಳಕಿನಿಂದ ಅಳೆಯುವ ಪ್ರಯತ್ನದಲ್ಲಿದ್ದರು. ಬಣ್ಣದ ಗೆರೆ ನುಣ್ಣಗೆ ಏರಿ ನುಣ್ಣಗೆ ಇಳಿಯಬೇಕಿತ್ತು. ಆದರೆ ಹೃದಯದ ಬಡಿತ ನಡುವೆ ಸೇರಿಕೊಂಡು ಗೆರೆಯನ್ನು ಗರಗಸದ ಹಲ್ಲಿನ ಹಾಗೆ ಮಾಡುತ್ತಿತ್ತು. ಈ ಕಿರಿಕಿರಿ ತೊಲಗಿಸಲು ಅವರು ಹಸಿರು ಬಣ್ಣಕ್ಕೆ ಸಂಬಂಧವಿಲ್ಲದ ಇನ್ನೊಂದು ಬೆಳಕನ್ನು ತಂದು, ಒಂದರ ಮಿಡಿತದಿಂದ ಇನ್ನೊಂದರ ಮಿಡಿತವನ್ನು ಅಳಿಸಿದರು. ಅಳಿಸಿತು. ಆದರೆ ರಕ್ತದ ಆಮ್ಲಜನಕ ಬದಲಾದ ಕೂಡಲೇ ಲೆಕ್ಕ ತಪ್ಪಿ, ಮಿಡಿತ ಮತ್ತೆ ತಲೆ ಎತ್ತಿತು.

ಇನ್ನೊಬ್ಬರಾಗಿದ್ದರೆ ತಿರುಪು ಬಿಗಿ ಮಾಡಿ ಮುಂದೆ ಹೋಗುತ್ತಿದ್ದರೇನೋ. ಅವೊಯಾಗಿ ನಿಂತು ನೋಡಿದರು. ಲೆಕ್ಕ ತಪ್ಪಿದ್ದು ಆಮ್ಲಜನಕದಿಂದ ಎಂದಾದರೆ, ಎಷ್ಟು ತಪ್ಪಿತು ಎಂಬುದೇ ಆಮ್ಲಜನಕದ ಅಳತೆಯಲ್ಲವೇ? ಇದು 1972ರ ಮಾತು. 1974ರಲ್ಲಿ ಅವರು ಅದನ್ನು ಜಪಾನಿನ ಸಮ್ಮೇಳನವೊಂದರಲ್ಲಿ ಮಂಡಿಸಿದರು, ಪೇಟೆಂಟಿಗೂ ಅರ್ಜಿ ಹೋಯಿತು. ಮೊದಲ ಸಾಧನ ಕಿವಿಗೆ ಹಾಕುವಂಥದು. ಬೆರಳಿಗೆ ಹಾಕುವುದನ್ನು ಇನ್ನೊಂದು ಜಪಾನಿ ಕಂಪನಿ ಮಿನೋಲ್ಟಾ 1977ರಲ್ಲಿ ತಂದಿತು. 1980ರ ದಶಕದಲ್ಲಿ ಅಮೆರಿಕದ ಕಂಪನಿಗಳು ಕೈಹಾಕಿದ ಮೇಲೆ ಇದು ಆಪರೇಷನ್ ಕೋಣೆಗಳನ್ನು ಹೊಕ್ಕಿತು, ತುಂಬುಮಟ್ಟ ಇಳಿದಂತೆ ಸ್ವರವೂ ಇಳಿಯುವ ಟಿಕ್ ಟಿಕ್ ಸದ್ದಿನ ಸಮೇತ. ಅರಿವಳಿಕೆ ಕೊಡುವ ವೈದ್ಯರು ಪರದೆ ನೋಡದೆ ಕಿವಿಯಲ್ಲೇ ರೋಗಿಯನ್ನು ಕಾಯಬಹುದಾಯಿತು.

ಅವೊಯಾಗಿ ತೀರಿಕೊಂಡದ್ದು 2020ರ ಏಪ್ರಿಲ್ 18ರಂದು, 84ನೇ ವಯಸ್ಸಿನಲ್ಲಿ. ಲೋಕದ ಮನೆಮನೆಗೂ ಅವರ ಯೋಚನೆ ತಲುಪುತ್ತಿದ್ದ ತಿಂಗಳು ಅದು. ದೊಡ್ಡಪ್ಪನ ಬೆರಳಿಗೆ ಕ್ಲಿಪ್ಪು ಬೀಳುವ ಹೊತ್ತಿಗೆ ಅವರು ಹೋಗಿ ಒಂದು ವರ್ಷವಾಗಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ಆ ಮನುಷ್ಯನಿಗೆ ಒಂದು ಕಾಗದ ಬರೆಯಬೇಕಿತ್ತು ಅನ್ನಿಸುತ್ತದೆ.

ತೂಬಿನ ಬಾಯಿ

ಅಂಕಿ 98ರಿಂದ 94ಕ್ಕೆ ಇಳಿದರೆ ನಾಲ್ಕೇ ಇಳಿದದ್ದು. 90ರಿಂದ 86ಕ್ಕೆ ಇಳಿದರೂ ನಾಲ್ಕೇ. ಆದರೆ ವೈದ್ಯರು ಎರಡನೆಯದಕ್ಕೆ ಓಡುತ್ತಾರೆ. ಯಾಕೆ?

ನಮ್ಮೂರ ಕೆರೆಯನ್ನು ನೆನೆಯಿರಿ. ಬೇಸಿಗೆಯಲ್ಲಿ ನೀರು ಆಳುದ್ದ ಇಳಿದಿದ್ದರೂ, ತೂಬಿನ ಬಾಯಿ ಮುಳುಗಿರುವ ತನಕ ಕಾಲುವೆಯಲ್ಲಿ ನೀರು ಹರಿಯುತ್ತಲೇ ಇರುತ್ತದೆ. ಕೆಳಗಿನ ಗದ್ದೆಯವನಿಗೆ ಕೆರೆ ಬರಿದಾಗುತ್ತಿರುವ ಸುಳಿವೇ ಇರುವುದಿಲ್ಲ. ನೀರು ತೂಬಿನ ಬಾಯಿಗಿಂತ ಕೆಳಗೆ ಹೋದದ್ದೇ ತಡ, ಗೇಣು ಗೇಣಿಗೂ ಕಾಲುವೆ ಸೊರಗುತ್ತದೆ.

ಶ್ವಾಸಕೋಶ ರಕ್ತಕ್ಕೆ ಕೊಡುವ ಆಮ್ಲಜನಕದ ಒತ್ತಡ ಕೆರೆಯ ನೀರಿನ ಮಟ್ಟವಿದ್ದಂತೆ, ಹೊರೆಯಾಳುಗಳ ತುಂಬುಮಟ್ಟ ಕಾಲುವೆಯಿದ್ದಂತೆ. ಆರೋಗ್ಯವಂತರಲ್ಲಿ ಒತ್ತಡ (ಪಾದರಸದ ಮಿಲಿಮೀಟರುಗಳಲ್ಲಿ) 100ರ ಆಸುಪಾಸು, ತುಂಬುಮಟ್ಟ 97–98. ಒತ್ತಡ 60ಕ್ಕೆ ಬಿದ್ದರೂ, ಅಂದರೆ ಹತ್ತರಲ್ಲಿ ನಾಲ್ಕು ಪಾಲು ಹೋದರೂ, ತುಂಬುಮಟ್ಟ ಇನ್ನೂ 90. ಅಲ್ಲಿಂದ ಕೆಳಗೆ ಜಾರುಬಂಡೆ. ಒತ್ತಡ 40 ಆಗುವಾಗ ತುಂಬುಮಟ್ಟ 75, 27 ಆಗುವಾಗ ಬರೀ ಅರ್ಧ. ಒಂದೊಂದು ಹೊರೆಯಾಳಿಗೆ ನಾಲ್ಕು ಹೊರೆ ಹೊರುವ ಜಾಗವಿದೆ, ಮೊದಲ ಹೊರೆ ಕೂತ ಮೇಲೆ ಉಳಿದವು ಸಲೀಸಾಗಿ ಕೂರುತ್ತವೆ, ಒಂದು ಬಿದ್ದರೆ ಉಳಿದವೂ ಬೇಗ ಬೀಳುತ್ತವೆ. ಈ ಬಾಗು ಗೆರೆಯನ್ನು ಡೆನ್ಮಾರ್ಕಿನ ಕ್ರಿಶ್ಚಿಯನ್ ಬೋರ್ ಮತ್ತು ಜೊತೆಯವರು 1904ರಲ್ಲೇ ಬರೆದಿಟ್ಟಿದ್ದರು.

ವೈದ್ಯರು ಹಠಾತ್ ಉಸಿರುಸೋಲು ಎಂದು ತೀರ್ಮಾನಿಸಲು ಇಟ್ಟುಕೊಂಡ ಗೆರೆ ಇದೇ 60ರ ಒತ್ತಡ. ಸೂಜಿ ಚುಚ್ಚಿ ತಿಳಿಯಬೇಕಾದ ಆ 60, ಬೆರಳಿನ ಮೇಲೆ 90 ಆಗಿ ಕಾಣುತ್ತದೆ. ಕೊರೊನಾ ಕಾಲದ ಸರ್ಕಾರಿ ಸೂಚನೆಯಲ್ಲಿ 94 ದಾಟಿದವರು ಮನೆಯಲ್ಲಿ, 90ರಿಂದ 93ರವರು ಆಸ್ಪತ್ರೆಯಲ್ಲಿ, 90ಕ್ಕಿಂತ ಕೆಳಗಿನವರು ತೀವ್ರ ನಿಗಾದಲ್ಲಿ ಎಂದು ವಿಂಗಡಿಸಿದ್ದರ ಬೇರು ಇಲ್ಲಿದೆ. 94 ಎನ್ನುವುದು ತೂಬಿನ ಬಾಯಿ ಕಾಣುವ ಮೊದಲೇ ಎಚ್ಚರವಾಗಲು ಬಿಟ್ಟ ಜಾಗ.

ಹಾಗಾದರೆ 80ರಲ್ಲಿ ದೊಡ್ಡಪ್ಪನಿಗೆ ಉಸಿರು ಕಟ್ಟಲಿಲ್ಲ ಏಕೆ? ಉಸಿರು ಬಿಗಿಹಿಡಿದಾಗ ನಮಗೆ ತಡೆಯಲಾಗದಂತೆ ಆಗುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಒಳಗೆ ಸೇರಿಕೊಳ್ಳುವುದರಿಂದ. ಆಮ್ಲಜನಕ ಕಡಿಮೆಯಾದದ್ದಕ್ಕೆ ಮೈ ಅಷ್ಟು ಬೇಗ ಕೂಗಿಕೊಳ್ಳುವುದಿಲ್ಲ. ದೊಡ್ಡಪ್ಪನ ಶ್ವಾಸಕೋಶ ಇನ್ನೂ ಬಿಗಿದುಕೊಂಡಿರಲಿಲ್ಲ, ಇಂಗಾಲದ ಡೈಆಕ್ಸೈಡನ್ನು ಹೊರಹಾಕುತ್ತಲೇ ಇತ್ತು. ತುಸು ಬೇಗ ಬೇಗ ಉಸಿರಾಡುತ್ತಿದ್ದರು, ಅಷ್ಟೇ. ಅದನ್ನು ನಾವು ಯಾರೂ ಎಣಿಸಿರಲಿಲ್ಲ.

ಊರುಗೋಲಿನ ಮೇಲೆ ನಿಂತ ಅಂಕಿ

ಆಸ್ಪತ್ರೆಗೆ ಸೇರಿಸಿದ ಮೇಲೆ ಮನೆಯವರು ದಿನವೂ ಫೋನು ಮಾಡಿ ಕೇಳುವುದು ಒಂದೇ ಪ್ರಶ್ನೆ: ಎಷ್ಟಿದೆ? 95 ಎಂದರೆ ನೆಮ್ಮದಿ. ನಾನೂ ಹಾಗೇ ಕೇಳುತ್ತಿದ್ದೆ. ಮೂರನೇ ದಿನ ನರ್ಸೊಬ್ಬರು, "ಎಷ್ಟಿದೆ ಅಂತ ಕೇಳ್ತೀರಲ್ಲ ಸರ್, ಎಷ್ಟು ಕೊಟ್ಟಮೇಲೆ ಅಷ್ಟಿದೆ ಅಂತಾನೂ ಕೇಳಿ" ಎಂದರು. ಈ ಅಧ್ಯಾಯ ಬರೆಯಬೇಕು ಅನ್ನಿಸಿದ್ದೇ ಆ ಮಾತಿನಿಂದ.

ಬಯಲು ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ. ಅದನ್ನೇ ಉಸಿರಾಡಿ 95 ಇರುವವರೂ, ಮಾಸ್ಕಿನಲ್ಲಿ ನೂರಕ್ಕೆ 50 ಪಾಲು ಆಮ್ಲಜನಕ ಎಳೆದು 95ಕ್ಕೆ ಬಂದವರೂ ಒಂದೇ ಅಲ್ಲ. ಒಬ್ಬರು ಸ್ವಂತ ಕಾಲಮೇಲೆ ನಿಂತಿದ್ದಾರೆ, ಇನ್ನೊಬ್ಬರು ಊರುಗೋಲಿನ ಮೇಲೆ. ಅದಕ್ಕೇ ವೈದ್ಯರು ಅಂಕಿಯನ್ನು ಕೊಟ್ಟ ಆಮ್ಲಜನಕದ ಪಾಲಿನಿಂದ ಭಾಗಿಸುತ್ತಾರೆ. ಬಯಲು ಗಾಳಿಯಲ್ಲಿ 98 ಇರುವವರಿಗೆ ಉತ್ತರ 460ಕ್ಕಿಂತ ಮೇಲೆ. ಅರ್ಧಪಾಲು ಆಮ್ಲಜನಕದ ಮೇಲೆ 95 ಇರುವವರಿಗೆ 190. ಅಂಕಿಯಲ್ಲಿ ಮೂರೇ ವ್ಯತ್ಯಾಸ, ಶ್ವಾಸಕೋಶದ ಹುರುಪಿನಲ್ಲಿ ಅರ್ಧಕ್ಕಿಂತ ಹೆಚ್ಚು.

ಈ ಭಾಗಾಕಾರ ಸೂಜಿಯ ಪರೀಕ್ಷೆಗೆ ಎಷ್ಟು ಹತ್ತಿರ ಎಂದು 2007ರಲ್ಲಿ ಅಮೆರಿಕದ ಸಂಶೋಧಕರು ತಾಳೆ ನೋಡಿ, 315 ಮತ್ತು 235 ಎಂಬ ಎರಡು ಗೆರೆಗಳನ್ನು ಗುರುತಿಸಿದರು. ರಕ್ತ ಪರೀಕ್ಷೆಯ ಯಂತ್ರವೇ ಇಲ್ಲದ ಆಸ್ಪತ್ರೆಗಳಿಗೆ ಇದರ ಬೆಲೆ ತಿಳಿದದ್ದು ರುವಾಂಡಾದ ಕಿಗಾಲಿಯಲ್ಲಿ. ಶ್ವಾಸಕೋಶ ತೀವ್ರವಾಗಿ ಕೆಟ್ಟು ನೀರು ತುಂಬಿಕೊಳ್ಳುವ ಸ್ಥಿತಿಯನ್ನು ಸೂಜಿಯಿಲ್ಲದೆ ಗುರುತಿಸಲು 315ರ ಗೆರೆ ಸಾಕು ಎಂದು ಅಲ್ಲಿನ ಅನುಭವದ ಮೇಲೆ ಸಂಶೋಧಕರು 2016ರಲ್ಲಿ ಹೇಳಿದರು. ಈಚಿನ ಜಾಗತಿಕ ವ್ಯಾಖ್ಯೆಯೂ ಅದನ್ನು ಒಪ್ಪಿಕೊಂಡಿದೆ. ಒಂದು ಷರತ್ತಿದೆ: ಅಂಕಿ 97 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಅದರ ಮೇಲೆ ಕಾಲುವೆ ಹೇಗೂ ತುಂಬಿ ಹರಿಯುತ್ತಿರುತ್ತದೆ, ಕೆರೆಯ ಮಟ್ಟ ಅಲ್ಲಿಂದ ತಿಳಿಯದು.

ಅಳೆಯುವುದು ಒಂದು, ಅಳೆದ ಮೇಲೆ ಕೊಡಲು ಇರುವುದು ಇನ್ನೊಂದು. 2021ರ ಮೇ 2 ಮತ್ತು 3ರಂದು, ಆಮ್ಲಜನಕದ ಕೊರತೆಯ ನಡುವೆ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ತೀರಿಕೊಂಡರು. ಅವರ ಬೆರಳಿಗೂ ಕ್ಲಿಪ್ಪು ಹಾಕಿರಲೇಬೇಕು.

98 ಸಾಲದ ಹೊತ್ತು

ಮಿಡಿತದ ಬಣ್ಣ ಬಿಟ್ಟು ಬೇರೇನೂ ಕಾಣದ ಸಾಧನಕ್ಕೆ ಕಾಣದೆ ಹೋಗುವ ಅಪಾಯಗಳೂ ಇವೆ. ನಮ್ಮ ಸೀಮೆಯಲ್ಲಿ ಅವು ಎಲ್ಲಿ ಎದುರಾಗುತ್ತವೆಂದು ಹೇಳದೆ ಮುಂದೆ ಹೋಗಲಾರೆ.

ಬಾಣಂತಿ ಕೋಣೆ. ಕಿಟಕಿ ಬಾಗಿಲು ಮುಚ್ಚಿ, ಒಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ತಾಯಿ ಮಗುವನ್ನು ಬೆಚ್ಚಗಿಡುವುದು ಪ್ರೀತಿಯಿಂದಲೇ. ಆದರೆ ಗಾಳಿ ಸಾಲದ ಕೆಂಡ ಕಾರ್ಬನ್ ಮಾನಾಕ್ಸೈಡ್ ಉಗುಳುತ್ತದೆ. ಅದು ಆಮ್ಲಜನಕದ ಜಾಗ ಹಿಡಿದು ಹೊರೆಯಾಳಿನ ಬೆನ್ನಿಗೆ ಅಂಟಿಕೊಂಡುಬಿಡುತ್ತದೆ, ಇಳಿಯುವುದೇ ಇಲ್ಲ ಎನ್ನುವಷ್ಟು ಗಟ್ಟಿಯಾಗಿ. ಆ ರಕ್ತದ ಬಣ್ಣವೂ ಹಸಿ ಕೆಂಪು. ಕ್ಲಿಪ್ಪಿಗೆ ವ್ಯತ್ಯಾಸ ತಿಳಿಯದು, 98 ಎನ್ನುತ್ತದೆ. ಕೋಣೆಯಲ್ಲಿದ್ದವರಿಗೆ ತಲೆನೋವು, ಓಕರಿಕೆ, ಮಂಪರು ಬಂದರೆ ಅಂಕಿ ನೋಡುತ್ತಾ ಕೂರದೆ ಬಾಗಿಲು ತೆರೆದು ಎಲ್ಲರನ್ನೂ ಹೊರಗೆ ಕರೆತರಬೇಕು.

ರಕ್ತಹೀನತೆ. ನೂರು ಆಳುಗಳ ಜಾಗದಲ್ಲಿ ಐವತ್ತೇ ಆಳಿದ್ದು, ಐವತ್ತರ ಬೆನ್ನೂ ತುಂಬಿದ್ದರೆ ಅಂಕಿ 98. ಮೈಗೆ ತಲುಪುವ ಆಮ್ಲಜನಕ ಮಾತ್ರ ಅರ್ಧ.

ಚರ್ಮದ ಬಣ್ಣದ ಮಾತು ಇನ್ನೂ ಮುಗಿದಿಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು 2020ರ ಕೊನೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಲಿಪ್ಪು 92ರಿಂದ 96 ತೋರಿಸುತ್ತಿದ್ದಾಗಲೂ ಸೂಜಿಯ ಪರೀಕ್ಷೆಯಲ್ಲಿ 88ಕ್ಕಿಂತ ಕೆಳಗಿದ್ದವರು ಬಿಳಿಯರಿಗಿಂತ ಕಪ್ಪು ವರ್ಣದವರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಚರ್ಮ ಮಿಡಿಯುವುದಿಲ್ಲ, ಹಾಗಾಗಿ ಕಳೆದುಹೋಗುತ್ತದೆ ಎಂದು ಮೇಲೆ ಬರೆದೆನಲ್ಲ, ಆ ಕಳೆಯುವಿಕೆ ಪೂರ್ತಿ ಆಗುವುದಿಲ್ಲ ಎಂದಾಯಿತು. ಪಟ್ಟಿ ಮಾಡುವಾಗ ಬೆರಳು ಕೊಟ್ಟವರಲ್ಲಿ ಕಪ್ಪು ಚರ್ಮದವರು ಕಡಿಮೆ ಇದ್ದರೆ ಪಟ್ಟಿ ಅವರಿಗೆ ಹೊಂದುವುದಿಲ್ಲ. ನಮ್ಮ ಹೊಲಗಳಲ್ಲಿ ದುಡಿಯುವ ಕೈಗಳ ಮೇಲೆ ತಾಳೆ ನೋಡದ ಸಾಧನವನ್ನು ನಮಗೆ ಮಾರಬಾರದು. ಇದನ್ನು ನಾವು ಜೋರಾಗಿಯೇ ಕೇಳಬೇಕು. ಅಲ್ಲಿಯವರೆಗೆ, 93 ಎಂದು ತೋರಿಸಿದರೆ ನಿಜ ಇನ್ನೂ ಕೆಳಗಿರಬಹುದು ಎಂದು ಭಾವಿಸುವುದೇ ಕ್ಷೇಮ. ಬೆರಳಿಗೆ ದಟ್ಟ ಕಪ್ಪು ಮೆಹಂದಿ ಇದ್ದರೆ ಬೇರೆ ಬೆರಳು, ಇಲ್ಲವೇ ಕಿವಿಯ ಹಾಲೆ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಹಾವಿನ ಕಡಿತ. ನಾಗರಹಾವಿನ, ಕಟ್ಟುಹಾವಿನ ವಿಷ ನರಕ್ಕೂ ಸ್ನಾಯುವಿಗೂ ಇರುವ ಸಂಪರ್ಕವನ್ನು ಕಡಿಯುತ್ತದೆ. ಮೊದಲು ರೆಪ್ಪೆ ಜೋತುಬೀಳುತ್ತದೆ, ಆಮೇಲೆ ಗಂಟಲು, ಆಮೇಲೆ ಉಸಿರಾಡಿಸುವ ಸ್ನಾಯು. ಶ್ವಾಸಕೋಶ ಸರಿಯಾಗಿಯೇ ಇರುತ್ತದೆ, ಅದನ್ನು ತಿದಿಯ ಹಾಗೆ ಒತ್ತುವವರಿರುವುದಿಲ್ಲ. ಮೂಗಿಗೆ ಆಮ್ಲಜನಕದ ನಳಿಗೆ ಇಟ್ಟರೆ, ಒಳಹೋಗುವ ಒಂದಿಷ್ಟು ಗಾಳಿಯಲ್ಲೇ ಆಮ್ಲಜನಕ ದಂಡಿಯಾಗಿರುವುದರಿಂದ ಅಂಕಿ 98ರಲ್ಲೇ ನಿಲ್ಲುತ್ತದೆ. ಹೊರಹೋಗಬೇಕಾದ ಇಂಗಾಲದ ಡೈಆಕ್ಸೈಡ್ ಮಾತ್ರ ಒಳಗೇ ಸೇರುತ್ತಾ, ರೋಗಿ ತೂಕಡಿಸಿ ತೂಕಡಿಸಿ ಮುಳುಗುತ್ತಾನೆ. ಇದೂ ಉಸಿರುಸೋಲೇ, ಇನ್ನೊಂದು ಬಗೆಯದು. ಬೆರಳಿನ ಕ್ಲಿಪ್ಪಿಗೆ ಇದು ಕಾಣುವುದಿಲ್ಲ. ಹೊರಬರುವ ಉಸಿರಿನಲ್ಲೇ ಇಂಗಾಲದ ಡೈಆಕ್ಸೈಡ್ ಅಳೆಯುವ ನಳಿಗೆಗಳಿವೆ, ದೊಡ್ಡ ಆಸ್ಪತ್ರೆಗಳಲ್ಲಿ. ಅಲ್ಲಿಗೆ ತಲುಪುವ ಮುಂಚೆ ಏನೂ ಬೇಡದ ಒಂದು ಪರೀಕ್ಷೆ ಇದೆ, ನಮ್ಮ ದೇಶದ ಹಾವುಕಡಿತದ ಚಿಕಿತ್ಸೆಯ ಸೂಚನೆಗಳಲ್ಲೂ ಅದಕ್ಕೆ ಜಾಗವಿದೆ: ಒಂದೇ ಉಸಿರಿಗೆ ಒಂದು, ಎರಡು, ಮೂರು ಎಂದು ಎಷ್ಟರವರೆಗೆ ಎಣಿಸಬಲ್ಲೆ? ಅರ್ಧ ಗಂಟೆಯ ಹಿಂದೆ ಇಪ್ಪತ್ತೈದು ಎಣಿಸಿದ ಹುಡುಗ ಈಗ ಹನ್ನೆರಡಕ್ಕೆ ನಿಂತರೆ, ಕ್ಲಿಪ್ಪು ಏನೇ ಹೇಳಲಿ, ಗಾಡಿ ಹೊರಡಲೇಬೇಕು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಿಂದ ಹಾವುಕಡಿತದ ಪ್ರತಿ ಪ್ರಕರಣವನ್ನೂ ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿದೆ. ಆ ವರದಿಯಲ್ಲಿ ಬೆರಳಿನ ಅಂಕಿಯ ಪಕ್ಕ ಈ ಎಣಿಕೆಯೂ ಸೇರಬೇಕೆಂಬುದು ನನ್ನ ಆಸೆ.

ಎಣಿಕೆ ಮಕ್ಕಳಿಗೂ ಬೇಕು. ಒಂದರಿಂದ ಐದು ವರ್ಷದ ಮಗು ನಿಮಿಷಕ್ಕೆ 40 ಸಲ ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸು 50 ಸಲ ಅಥವಾ ಹೆಚ್ಚು ಉಸಿರಾಡಿದರೆ ಅದು ಬಿರುಸಿನ ಉಸಿರು. ದೊಡ್ಡವರಲ್ಲಿ 24 ಮುಟ್ಟಿದರೆ ಎಚ್ಚರ, 30 ಮುಟ್ಟಿದರೆ ಅಪಾಯ. ದೊಡ್ಡಪ್ಪ ಜಗಲಿಯಲ್ಲಿ ಕೂತಿದ್ದ ಆ ಬೆಳಿಗ್ಗೆ ಅವರು ಮಾತಿನ ನಡುವೆ ಉಸಿರು ಎಳೆಯುತ್ತಿದ್ದದ್ದು ಎಷ್ಟು ಸಲವೋ. ಆಶಾ ಕಾರ್ಯಕರ್ತೆ ಈಗಲೂ ನಮ್ಮ ಬೀದಿಗೆ ಬರುತ್ತಾರೆ. ಈಗ ಬೆರಳಿಗೆ ಕ್ಲಿಪ್ಪು ಹಾಕಿದ ಮೇಲೆ ಅಂಕಿಯತ್ತ ಕೂಡಲೇ ನೋಡುವುದಿಲ್ಲ. ಎಡಗೈಯ ಗಡಿಯಾರವನ್ನು ಕಣ್ಣಿಗೆ ಹತ್ತಿರ ಹಿಡಿದು, ಹೊದಿಕೆ ಸರಿಸಿ, ಹೊಟ್ಟೆ ಏರಿಳಿಯುವುದನ್ನು ಒಂದು ನಿಮಿಷ ಪೂರ್ತಿ, ತುಟಿ ಮಾತ್ರ ಅಲುಗಿಸುತ್ತಾ, ಎಣಿಸುತ್ತಾರೆ.